ಭಾವನಿಗೊಬ್ಬ ವೈರಿ ಬೇಕಾಗಿದ್ದಾನೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕು ಜಾಲಾಡಿದರೂ, ಒಬ್ಬನೇ ಒಬ್ಬ ವೈರಿಯನ್ನು ಸಂಪಾದಿಸಿಕೊಳ್ಳಲಾಗದ ನಿಷ್ಪ್ರಯೋಜಕ ಮನುಷ್ಯ ಸಿಗುವುದು ಒಬ್ಬರೇ: ನಮ್ಮ ಭಾವ! ಪ್ರಯತ್ನಪಡಲಿಲ್ಲವೆಂದಲ್ಲ. ಬೇಲಿಯ ತಕರಾರಿಗೆ ಪಕ್ಕದವನ ಮೇಲೆ ದಾವೆ ಹೂಡಿದ್ದು ಅವರೇ. ವಿಚಾರಣೆಯ ದಿನ ಆತನಿಗೆ ಬಸ್ಸು ತಪ್ಪಿತೆಂದು ಎಕ್ಕಂಬಿಯಿಂದ ಶಿರಸಿಯ ಕೋರ್ಟಿಗೆ ತಮ್ಮದೇ ಸ್ಕೂಟರಿನಲ್ಲಿ ಕೂರಿಸಿ ತಂದದ್ದೂ ಅವರೇ! "ಅಂವ ಬರದಿದ್ರೆ ಆನು ಯಾರ ಜೊತಿಗೆ ಜಗಳಾಡ್ಲಿ?" ಎಂದು ವಕೀಲರನ್ನೇ ಕೇಳಿದರಂತೆ. ವಕೀಲರು ಅಂದಿನಿಂದ ಇವರ ಫೋನು ಎತ್ತುತ್ತಿಲ್ಲ.

ಇಂಥವರು ಕವಿಯೂ ಆಗಿಬಿಟ್ಟರೆ ಲೋಕದ ಗತಿಯೇನು?

ಗಡಿಯಲ್ಲಿ ಗುಂಡು ಹಾರುತ್ತಿದ್ದ ದಿನಗಳವು. ಉಮ್ಮಚಗಿಯಲ್ಲೊಂದು ಉಪನಯನದ ಊಟ. ಯಜಮಾನರ ಹಿರಿಮಗ ಸೈನ್ಯದಲ್ಲಿದ್ದಾನೆ. ರಜೆಗೆ ಬಂದವನಿಗೆ ಅಂದು ಬೆಳಿಗ್ಗೆಯೇ ವಾಪಸು ಕರೆ ಬಂದಿತ್ತು. ಉಂಡ ಕೂಡಲೇ ಹೊರಡಬೇಕು. ಪಂಕ್ತಿಯಲ್ಲಿ ಯಾರಾದರೊಬ್ಬರು ಶ್ಲೋಕ ಹೇಳುವುದು, ಉಳಿದವರು "ಹರಹರ ಮಹಾದೇವ" ಎನ್ನುವುದು ನಮ್ಮ ಕಡೆಯ ಕ್ರಮ. ಭಾವ ದೇವರನ್ನು ಬದಿಗಿಟ್ಟು ಸ್ವಂತ ಕೃತಿಯನ್ನೇ ಎತ್ತಿಬಿಡಬೇಕೇ!

"ಗಡಿಯಾಚೆಯ ಹುಡುಗನೇ, ನೀ ಹೊರಟ ದಿನ
ಬೇಡವೆಂದರೂ ನಿನ್ನವ್ವ ಬಡಿಸಿದಳೇನು?"

ಮಹಾದೇವನ ಹೆಸರು ಯಾರ ಬಾಯಿಂದಲೂ ಹೊರಡಲಿಲ್ಲ. ಹೋಳಿಗೆ ಬಡಿಸುವವ ನಿಂತಲ್ಲೇ ನಿಂತ. ನಾನು ಎಲೆಯ ತುದಿಯ ಉಪ್ಪಿನಕಾಯಿಯನ್ನು ಅಪಾರ ಶ್ರದ್ಧೆಯಿಂದ ಪರಿಶೀಲಿಸತೊಡಗಿದೆ.

ಯಜಮಾನರ ಮುಖ ಕೆಂಪಾಗಿತ್ತು. "ಎಂತ ಪದ್ಯ ಮಾರಾಯಾ ಇದು! ನಮ್ಮ ಮಾಣಿ ಇವತ್ತೇ ಗಡಿಗೆ ಹೊರಡವು. ಅವಂಗೆ ಗುಂಡು ಹೊಡೆಯವಂಗೆ ನೀನು ಉಪಚಾರ ಮಾಡ್ತ್ಯ?"

"ಅಂವನೂ ಯಾರದೋ ಮಾಣಿಯೇ ಅಲ್ದನಾ?" ಎಂದರು ಭಾವ, ತಣ್ಣಗೆ.

ಯಜಮಾನರು ಒಂದು ಹೆಜ್ಜೆ ಮುಂದಿಟ್ಟರು. ಉಣ್ಣುತ್ತಿದ್ದವನನ್ನು ಎಲೆಯಿಂದ ಎಬ್ಬಿಸಿದರೆ ಎರಡು ಮನೆಗಳ ನಡುವೆ ತಲೆಮಾರುಗಟ್ಟಲೆ ಮಾತಿಲ್ಲ! ಭಾವನಿಗೆ ಕೊನೆಗೂ ವೈರಿಯೊಬ್ಬ ಸಿಕ್ಕನೆಂದುಕೊಂಡೆ ನಾನು.

ಆಗ ಸೈನಿಕ ಮಗ ಎತ್ತಿದ ತುತ್ತನ್ನು ಕೆಳಗಿಟ್ಟ.

"ತಡಿ ಅಪ್ಪಯ್ಯ. ಗಡಿ ಆಚೆ ಪೋಸ್ಟಲ್ಲಿ ಒಬ್ಬಂವ ದಿನಾ ಕೆಮ್ಮತಿದ್ದ. ಈಚೆ ನಂಗವೆಲ್ಲ ನಗ್ಯಾಡ್ತಿದ್ಯ. ಒಂದಿನ ಕೆಮ್ಮು ಕೇಳಿದ್ದಿಲ್ಲೆ. ಅವತ್ತು ಯಾರಿಗೂ ಊಟ ಸೇರಿದ್ದಿಲ್ಲೆ."

ತುಪ್ಪ ಬಡಿಸುತ್ತ ಬಂದ ಅವನ ತಾಯಿ ಅಲ್ಲೇ ನಿಂತಿದ್ದರು. "ಕಡಿಗೆ? ಕೆಮ್ಮಿದ್ನ?"

"ಮರುದಿನ ಕೆಮ್ಮಿದ, ಆಯಿ."

ಯಜಮಾನರು ಮುಂದಿಟ್ಟ ಹೆಜ್ಜೆಯನ್ನು ಹಿಂದೆಗೆದು ಗೋಡೆಯ ಕಡೆ ತಿರುಗಿದರು. ತಾಯಿ ಬಗ್ಗಿ ಮಗನ ಎಲೆಗೆ ತುಪ್ಪ ಹಾಕಿದರು, ಅವನು ಸಾಕೆಂದರೂ ಕೇಳದೆ.

"ಪಾಪ," ಎಂದರು, "ಒಂದು ಲೋಟ ಕಷಾಯ ಮಾಡಿ ಕೊಡಲೂ ಅವಂಗೆ ಅಲ್ಲಿ ಯಾರೂ ಇಲ್ಲೆ."