ಗೋಡೆಯ ಕೊನೆಯ ಮೀನು

ಸೃಷ್ಟಿಯಲ್ಲಿ ಯಾವುದೂ ಶಾಶ್ವತವಲ್ಲ. ಈ ಸತ್ಯವನ್ನು ಋಷಿಮುನಿಗಳು ಕಾಡಿನಲ್ಲಿ ತಪಸ್ಸು ಮಾಡಿ ಕಂಡುಕೊಂಡರಂತೆ. ನಾನು ಗಲ್ಫಿನ ಜೆಬೆಲ್ ಅಲಿ ಬಂದರಿನ ಒಂದು ಸರಕು ಸಾಗಣೆ ಆಫೀಸಿನಲ್ಲಿ, ಏಸಿಯ ಕೆಳಗೆ ಸ್ವೆಟರ್ ಹಾಕಿಕೊಂಡು ಕೂತು, ಗೋಡೆಯ ಮೇಲಿನ ಮೀನುಗಳಿಂದ ಕಲಿತೆ.

ಹಡಗಿಗೆ ಸಂಬಂಧಪಟ್ಟ ಕಂಪನಿ ಎಂದ ಮೇಲೆ ಗೋಡೆಗೂ ಸ್ವಲ್ಪ ಸಮುದ್ರ ಬೇಕೆಂದು ನಮ್ಮ ಮ್ಯಾನೇಜರ್ ಸಾಹೇಬರು ಒಂದು ಸಾಲು ಮೀನಿನ ಚಿತ್ರಗಳನ್ನು ತೂಗುಹಾಕಿಸಿದ್ದರು. ಹೊಸ ದೇಶ ಹುಡುಕಿಕೊಂಡು ಹೊರಟ ಹಳೆಯ ಹಾಯಿಹಡಗುಗಳಲ್ಲಿ ಚಿತ್ರಕಾರರು ಕೂತು ಬರೆದವುಗಳ ನಕಲು. ಮೈಸೂರಿನ ಶುದ್ಧ ಸಸ್ಯಾಹಾರಿಯಾದ ನಾನು ಮೀನನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅಲ್ಲೇ. ಕೆಳಗೆ ಅಂಟಿಸಿದ್ದ ವಿವರಣೆಯನ್ನೂ, ಕೆಲಸ ಕಡಿಮೆಯಿದ್ದುದರಿಂದ, ಬಾಯಿಪಾಠ ಮಾಡಿದ್ದೆ. ನೀರಿನಿಂದ ಎತ್ತಿದ ಕೂಡಲೇ ಮೀನಿನ ಬಣ್ಣ ಇಳಿಯತೊಡಗುತ್ತದಂತೆ. ಅದು ಹಲಗೆಯ ಮೇಲೆ ಒದ್ದಾಡುತ್ತಿರುವಾಗಲೇ ಚಿತ್ರಕಾರ ಬಣ್ಣ ಹಿಡಿಯಬೇಕು. ತಡವಾದರೆ ಉಳಿದದ್ದು ನೆನಪಿನಿಂದ. ಮೀನು ಅಷ್ಟರಲ್ಲಿ ಅಡುಗೆಯವನ ಬಾಣಲೆಯಲ್ಲಿ. ನನ್ನ ಬೆನ್ನ ಹಿಂದಿನದು ಹೀಗೆ ತಡವಾದದ್ದೇ ಇರಬೇಕು. ಅದಕ್ಕೆ ರೆಪ್ಪೆಗೂದಲಿತ್ತು, ಮುಖದಲ್ಲಿ ಕಿರುನಗೆಯಿತ್ತು.

"ಇದೆಂತ ಮೀನು ಮಾರಾಯ್ರೆ?" ಎಂದು ಅಕೌಂಟ್ಸಿನ ಶೆಟ್ಟರು, ಮಲ್ಪೆಯವರು, ದಿನಾ ಕೇಳುತ್ತಿದ್ದರು. "ಬಿಟ್ಟಿ ಕೊಟ್ರೂ ನಮ್ಮಮ್ಮ ಮನೆಯೊಳಗೆ ತಕೊಳ್ಳುದಿಲ್ಲ."

ವ್ಯಾಪಾರ ಬಿದ್ದುಹೋದ ವರ್ಷ ಮೊದಲು ಹೋದವರು ಅವರೇ. ಸಾಹೇಬರು ಒಳಗೆ ಕರೆದು ಕೆಲಸ ಖಲಾಸ್ ಅಂದರು. ಹೊರಬಂದ ಶೆಟ್ಟರ ಮುಖ ಕೆಂಪಾಗಿ, ಹಳದಿಯಾಗಿ, ಬೂದಿಯಾಯಿತು, ಬರೆದುಕೊಳ್ಳಲು ಚಿತ್ರಕಾರನಿರಲಿಲ್ಲ. ಬೀಳ್ಕೊಡುಗೆಗೆ ಕಾಣಿಕೆ ತರಲು ಮರೆತಿದ್ದ ಸಾಹೇಬರು ಗೋಡೆಯ ಮೀನೊಂದನ್ನು ಇಳಿಸಿ ಅವರ ಕೈಗಿಟ್ಟು ಫೋಟೋ ತೆಗೆಸಿದರು. "ಮಲ್ಪೆಗೆ ಮೀನು ಹೊತ್ಕೊಂಡು ಹೋಗುದಾ ನಾನು!" ಎಂದು ಶೆಟ್ಟರು ನಕ್ಕರು. ನಾವೂ ನಕ್ಕೆವು. ಆಮೇಲೆ ಅದೇ ಪದ್ಧತಿಯಾಯಿತು, ನಗು ನಿಂತಿತು. ಒಬ್ಬರು ಹೋದರೆ ಒಂದು ಮೀನು. ಬೆಳಿಗ್ಗೆ ಬಂದವರು ಮೇಜಿಗಿಂತ ಮೊದಲು ಗೋಡೆ ನೋಡುತ್ತಿದ್ದರು.

ಕೊನೆಗೆ ಉಳಿದದ್ದು ನನ್ನ ಹಿಂದಿನ ನಗುವ ಮೀನು. ಮಗಳಿಗೆ ಮಾರ್ಚಿನಲ್ಲಿ ಹತ್ತನೆಯ ತರಗತಿಯ ಪರೀಕ್ಷೆ. ನನ್ನ ವೀಸಾ ರದ್ದಾದರೆ ಮೂವರೂ ಗಂಟುಮೂಟೆ ಕಟ್ಟಬೇಕು.

"ರೀ, ಪರೀಕ್ಷೆ ಮುಗಿಯೋವರೆಗೂ ಹೇಗಾದ್ರೂ ತಳ್ಳಿ," ಎಂದಳು ಹೆಂಡತಿ. "ಆಮೇಲೆ ಬೇಕಾದ್ರೆ ಆ ಮೀನು ತನ್ನಿ. ದೇವರ ಮನೆ ಕಡೆ ಮಾತ್ರ ತರಬೇಡಿ."

ಮಗಳು ಪುಸ್ತಕದಿಂದ ತಲೆಯೆತ್ತದೆ, "ಅಪ್ಪಾ, ಜಸ್ಟ್ ಹೈಡ್ ಇಟ್" ಎಂದಳು.

ಬಚ್ಚಿಡುವುದು ಕಳ್ಳತನ, ಭದ್ರಪಡಿಸುವುದು ಕಂಪನಿಯ ಸೇವೆ. ಕೊಡಲು ಮೀನಿಲ್ಲದೆ ಸಾಹೇಬರು ಯಾರನ್ನೂ ಕಳಿಸಲಾರರು ಎಂಬುದು ನನ್ನ ತರ್ಕ. ಹೆದರಿದವನ ತರ್ಕಕ್ಕೂ ರೆಪ್ಪೆಗೂದಲಿರುತ್ತದೆ. ರಾಸ್ ಅಲ್ ಖೋರ್‌ನ ಗ್ಯಾರೇಜಿನಿಂದ ಕಾರಿನ ಗಾಜು ಕೂರಿಸುವ ಅಂಟು ತಂದು, ಶುಕ್ರವಾರದ ರಜೆಯಲ್ಲಿ ಯಾರೂ ಇಲ್ಲದಾಗ ಚೌಕಟ್ಟಿನ ಬೆನ್ನಿಗೆ ಧಾರಾಳವಾಗಿ ಸವರಿ, ಮೈಭಾರವನ್ನೆಲ್ಲ ಹಾಕಿ ಗೋಡೆಗೆ ಒತ್ತಿ ನಿಂತೆ. ಅಷ್ಟು ಹತ್ತಿರದಿಂದಲೂ ಅದು ನಗುತ್ತಲೇ ಇತ್ತು.

ಜನವರಿಯಲ್ಲಿ ನನಗೆ ಒಳಗಿನಿಂದ ಕರೆ ಬಂತು. ನನ್ನ ಮುಖ ಯಾವ ಬಣ್ಣಕ್ಕೆ ತಿರುಗಿತೋ, ನೋಡಿ ಹೇಳಲು ಶೆಟ್ಟರಿರಲಿಲ್ಲ. ಬೀಳ್ಕೊಡುಗೆಯ ದಿನ ಸಾಹೇಬರು ಮೀನನ್ನು ಎಳೆದರು. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. "ಯಲ್ಲಾ, ಬನ್ನಿ ಬನ್ನಿ, ನೀವೂ ಒಂದು ಕೈ ಹಾಕಿ," ಎಂದರು ನನಗೆ. ಹಾಕಿದೆ. ಇಬ್ಬರೂ ಸೇರಿ ಎಳೆದೆವು. ಒಂದಿಷ್ಟು ಸುಣ್ಣ ಉದುರಿತು.

ನನಗೆ ಒಂದು ಸ್ಟೇಪ್ಲರ್ ಕೊಟ್ಟರು. ಮಗಳು ಪರೀಕ್ಷೆಯನ್ನು ಮರುವರ್ಷ ಮೈಸೂರಿನಲ್ಲಿ ಬರೆದಳು. ಮೀನು ಅಲ್ಲೇ ಉಳಿಯಿತು.