ಮೆಲ್ಚೋರ್ ರಾಜನ ಒಂಟೆ

ನೀರಿನ ಮೇಲೆ ಸ್ಕೂಟರಿನಂತೆ ಓಡುವ ತನ್ನ ಜೆಟ್ ಸ್ಕೀಯನ್ನು ಇನ್ನೊಬ್ಬರ ಕೈಗೆ ರಿಪೇರಿಗೆ ಕೊಡುವುದೆಂದರೆ ಮೀಸೆ ಬೋಳಿಸಿಕೊಂಡಷ್ಟೇ ಅವಮಾನ ಎಂದು ಎಫ್ರಾಯಿನ್ ನಂಬಿದ್ದ. ಆ ಇನ್ನೊಬ್ಬ ಹೆಂಡತಿಯ ತಮ್ಮನಾಗಿದ್ದರಂತೂ ಮುಗಿದೇ ಹೋಯಿತು.

ಪೋರ್ಟೊ ರಿಕೊದ ಪುಂತಾ ಗಾರ್ಸಾ ಎಂಬ ಆ ಊರಿಗೆ, ಶಿಶು ಯೇಸುವನ್ನು ಕಾಣಲು ಒಂಟೆಯೇರಿ ಬಂದರೆನ್ನುವ ಮೂವರು ರಾಜರು ಪ್ರತಿ ಜನವರಿಯಲ್ಲೂ ಮಕ್ಕಳ ಉಡುಗೊರೆ ಹೊತ್ತು ಸಮುದ್ರದಿಂದಲೇ ಬರುತ್ತಾರೆ. ಬರುವುದು ಭಾಮೈದ ಇಪೋಲಿತೋನ ಮೀನು ನಾರುವ ದೋಣಿಯಲ್ಲಿ. ಈ ಸಲ ಅವರಲ್ಲೊಬ್ಬನಾದ ಮೆಲ್ಚೋರ್ ರಾಜನ ಪಾತ್ರ ಎಫ್ರಾಯಿನನಿಗೆ ಒಲಿದಿತ್ತು. ತಾನು ಮಾತ್ರ ಸ್ವಂತ ಜೆಟ್ ಸ್ಕೀ ಏರಿ, ನೊರೆ ಚಿಮ್ಮಿಸುತ್ತ ಆಗಮಿಸುವೆನೆಂದು ಅವನು ಊರಿಗೆಲ್ಲ ಸಾರಿಬಿಟ್ಟ. ಸಾರಿದ ಮರುದಿನವೇ, ನೀರು ಚಿಮ್ಮಿ ಅದನ್ನು ಮುಂದೆ ತಳ್ಳುವ ಪಂಪು ಗೊಗ್ಗರು ದನಿಯಲ್ಲಿ ಅಳತೊಡಗಿತು. ನೀರನ್ನು ತಡೆಯುವ ರಬ್ಬರ್ ಸೀಲುಗಳು ಸವೆದು ಬೇರಿಂಗಿಗೆ ಉಪ್ಪುನೀರು ಹೊಕ್ಕಿತ್ತು.

ದೋಣಿ ಎಂಜಿನ್ ರಿಪೇರಿಯಿಂದಲೇ ಸಂಸಾರ ನಡೆಸುವ ಇಪೋಲಿತೋ, "ತಂದ್ಹಾಕಿ ಭಾವ, ಒಂದು ಮಧ್ಯಾಹ್ನದ ಕೆಲಸ" ಎಂದ. ಎಫ್ರಾಯಿನ್ ನಕ್ಕುಬಿಟ್ಟ. ಎರಡು ರಬ್ಬರ್ ಬಳೆಗಾಗಿ ಭಾಮೈದನ ಕಾಲು ಹಿಡಿಯಬೇಕೆ? ಅವನು ವಿಡಿಯೊ ನೋಡಿದ್ದ. (ಅರ್ಧ ನೋಡಿದ್ದ. ಉಳಿದರ್ಧ ತಾನಾಗಿಯೇ ಹೊಳೆಯುತ್ತದೆ ಎಂದು ಬಿಟ್ಟಿದ್ದ.) ಹೊಸ ಬೇರಿಂಗು, ಸೀಲುಗಳನ್ನು ಫ್ರೀಜರಿನಲ್ಲಿಟ್ಟರೆ ಕುಗ್ಗಿ, ಮರುದಿನ ಸಲೀಸಾಗಿ ಕೂರುತ್ತವಂತೆ.

ಆದರೆ ಫ್ರೀಜರು ಹೆಂಡತಿ ನೆರೇಯ್ದಳ ಸಾಮ್ರಾಜ್ಯ. ಹಬ್ಬಕ್ಕೆಂದು ತಂಗಿಯರ ಜೊತೆ ಕೂತು ಮಾಡಿದ ಪಾಸ್ತೆಲ್‌ಗಳು ಅಲ್ಲಿ ಒತ್ತೊತ್ತಾಗಿ ಮಲಗಿದ್ದವು. ಬಾಳೆಕಾಯಿ ತುರಿದು, ಹಂದಿಮಾಂಸದ ಹೂರಣವಿಟ್ಟು, ಬಾಳೆಎಲೆಯಲ್ಲಿ ಮಡಿಸಿ, ಮೇಲೆ ಕಾಗದ ಸುತ್ತಿ ದಾರ ಬಿಗಿದ ಕಡುಬುಗಳು ಅವು.

"ಗ್ರೀಸ್ ಸಾಮಾನು ಅದರೊಳಗೆ ಹೋಯ್ತೋ, ನೀನು ಮನೆಯಿಂದ ಹೊರಗೆ" ಎಂದಳು ನೆರೇಯ್ದ.

ಎಫ್ರಾಯಿನ್ ವಾದಕ್ಕಿಳಿಯಲಿಲ್ಲ. ಅವಳು ಚರ್ಚಿಗೆ ಹೋದದ್ದೇ ತಡ, ಬೇರಿಂಗು, ಸೀಲುಗಳನ್ನು ಬಾಳೆಎಲೆಯಲ್ಲಿ ಮಡಿಸಿ, ಕಾಗದ ಸುತ್ತಿ, ದಾರ ಕಟ್ಟಿ ಪಾಸ್ತೆಲ್‌ಗಳ ನಡುವೆ ತೂರಿಸಿದ. ಪೊಟ್ಟಣ ಎಷ್ಟು ಅಂದವಾಗಿ ಬಂದಿತ್ತೆಂದರೆ, ಹೆಂಡತಿಗೆ ತೋರಿಸಿ ಹೊಗಳಿಸಿಕೊಳ್ಳುವಂತಿಲ್ಲವಲ್ಲ ಎಂದು ಅವನಿಗೆ ನಿಜಕ್ಕೂ ಬೇಸರವಾಯಿತು.

ಮರುದಿನ ಅವನು ಏಳುವಷ್ಟರಲ್ಲಿ ಫ್ರೀಜರು ಅರ್ಧ ಖಾಲಿ. ನೆರೇಯ್ದ ಪದ್ಧತಿಯಂತೆ ಬಂಧುಬಳಗಕ್ಕೆಲ್ಲ ಪಾಸ್ತೆಲ್ ಹಂಚಿ ಬಂದಿದ್ದಳು. ಉಳಿದವನ್ನು ಹಿಸುಕಿ ನೋಡಿದ. ಹೆಪ್ಪುಗಟ್ಟಿದ ಮೇಲೆ ಎಲ್ಲವೂ ಬೇರಿಂಗಿನಷ್ಟೇ ಗಟ್ಟಿ. ಕದ್ದು ಒಂದೊಂದೇ ಬಿಚ್ಚಿದರೆ ಬರೀ ಹಂದಿಮಾಂಸ. ಯಾರ್ಯಾರಿಗೆ ಕೊಟ್ಟೆ ಎಂದು ಕೇಳುವ ಧೈರ್ಯ ಮಾತ್ರ ಬರಲಿಲ್ಲ. ಕೊನೆಗೆ ಹಳೆಯವನ್ನೇ ಒರೆಸಿ, ಧಾರಾಳವಾಗಿ ಗ್ರೀಸು ಮೆತ್ತಿ ಕೂರಿಸಿ, "ಹೊಸದರಂಗೆ ಆಯ್ತು ನೋಡು" ಎಂದು ಹೆಂಡತಿಯೆದುರು ಎದೆಯುಬ್ಬಿಸಿದ.

ಹಬ್ಬದ ದಿನ ಊರಿಗೆ ಊರೇ ದಂಡೆಯಲ್ಲಿ ನೆರೆದಿತ್ತು. ರಾಜರ ಒಂಟೆಗಳಿಗೆಂದು ಮಕ್ಕಳು ಪೆಟ್ಟಿಗೆ ತುಂಬ ಹುಲ್ಲು ಹಿಡಿದು ನಿಂತಿದ್ದವು. ಕಿರೀಟ, ನಿಲುವಂಗಿ, ಹತ್ತಿಯ ಗಡ್ಡದ ಸಮೇತ ಮೆಲ್ಚೋರ್ ಮಹಾರಾಜರು ನೊರೆ ಚಿಮ್ಮಿಸುತ್ತ ಅರ್ಧ ದಾರಿ ಬಂದರು. ಅಲ್ಲಿ ಪಂಪು ಒಮ್ಮೆ ಕಿರುಚಿ ಗಕ್ಕನೆ ನಿಂತಿತು. ಉಳಿದರ್ಧ ದಾರಿಯನ್ನು ಅವರು ಭಾಮೈದನ ದೋಣಿಗೆ ಕಟ್ಟಿದ ಹಗ್ಗದ ಕೊನೆಯಲ್ಲಿ, ಗಡ್ಡ ಸರಿಪಡಿಸಿಕೊಳ್ಳುತ್ತ ಕ್ರಮಿಸಿದರು.

ರಾಜನನ್ನು ಯಾಕೆ ಎಳಕೊಂಡು ಬಂದರು ಎಂದು ಒಂದು ಹುಡುಗಿ ಕೇಳಿದಳು.

"ಒಂಟೆಗೆ ಹಸಿವಾಗಿದೆ ಪುಟ್ಟಿ" ಎಂದ ಇಪೋಲಿತೋ.

ಮಕ್ಕಳೆಲ್ಲ ಮುಗಿಬಿದ್ದು ಪಂಪಿನ ಬಾಯಿಗೆ ಹುಲ್ಲು ತುರುಕಿದವು. ರಾಜನಾದವನು ಮಕ್ಕಳನ್ನು ಗದರುವಂತಿಲ್ಲ. ಎಫ್ರಾಯಿನ್ ಹಲ್ಲು ಕಚ್ಚಿಕೊಂಡು ಆಶೀರ್ವಾದ ಮಾಡುತ್ತಿದ್ದ.

ಆಗ ಇಪೋಲಿತೋ ದೋಣಿಯಿಂದ ಒಂದು ಒದ್ದೆ ಪೊಟ್ಟಣ ತಂದು ಅಕ್ಕನ ಕೈಗಿಟ್ಟ. "ನೀನು ಕೊಟ್ಟಿದ್ದರಲ್ಲಿ ಇದೊಂದು ಎಷ್ಟು ಕುದಿಸಿದರೂ ಬೇಯ್ಲಿಲ್ಲಕ್ಕ."

ನೆರೇಯ್ದ ಬಿಚ್ಚಿ ನೋಡಿದಳು. ಕಾಗದದ ಮಡಿಕೆ ನೋಡಿದಳು, ದಾರದ ಗಂಟು ನೋಡಿದಳು, ಆಮೇಲೆ ರಾಜನ ಮುಖ ನೋಡಿದಳು. ಎಫ್ರಾಯಿನ್ ಮನೆಯಿಂದ ಹೊರಬೀಳಲು ಮನಸ್ಸನ್ನು ಸಿದ್ಧಪಡಿಸಿಕೊಂಡ.

"ನಮ್ಮ ತಂಗೀರಲ್ಲೂ ಯಾರಿಗೂ ಇಷ್ಟು ಚೆಂದ ಕಟ್ಟೋಕೆ ಬರಲ್ಲ" ಎಂದಳು ಅವಳು. "ಮುಂದಿನ ವರ್ಷ ನನ್ನ ತಮ್ಮ ರಾಜ ಆಗ್ಲಿ. ನೀನು ನಮ್ಮ ಜೊತೆ ಕೂತು ಪಾಸ್ತೆಲ್ ಕಟ್ಟು, ಹಂಚೋ ಅಷ್ಟೂ ಮನೆಗೆ."