ಅಕ್ಕನ ಮಗ್ಗಕ್ಕೆ ಇಲಿ ಬಂದ ದಾರಿ

ನಾನು ಮುಚ್ಚಬೇಕಾಗಿದ್ದದ್ದು ಒಂದೇ ಒಂದು ಬಿಲ. ಅದನ್ನೂ ಮುಚ್ಚಲಿಲ್ಲ. ಮುಚ್ಚಿದ್ದೇನೆ ಎಂದು ಹೇಳಿದೆ, ಅಷ್ಟೇ. ಹೇಳಿದ್ದು ಯಾರಿಗೆ? ಯಾರ ಕೆಮ್ಮು ಕೇಳಿದರೇ ನಮ್ಮೂರು ಸಿರುಮುಗೈಯ ಇಲಿ, ಜಿರಲೆ, ಇರುವೆಗಳೆಲ್ಲ ಪಕ್ಕದ ಬೀದಿಗೆ ಗುಳೆ ಹೋಗುತ್ತಿದ್ದವೋ, ಆ ನನ್ನ ಅಕ್ಕನಿಗೆ!

ಅಕ್ಕ ಮದುವೆಯಾಗಲಿಲ್ಲ. ಮಗ್ಗವನ್ನೇ ಕಟ್ಟಿಕೊಂಡಳು ಎಂದು ಬೀದಿಯವರು ನಗುತ್ತಾರೆ. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಕೆಳಗೆ ತಂಪು, ಕತ್ತಲೆ, ಮೇಲೆ ರೇಷ್ಮೆ. ಇಲಿಗೆ ಇದಕ್ಕಿಂತ ಒಳ್ಳೆಯ ಮನೆ ಯಾರು ಕಟ್ಟಿಸಿಕೊಡುತ್ತಾರೆ? ಅಕ್ಕನಿಗೆ ಇದು ಚೆನ್ನಾಗಿ ಗೊತ್ತಿತ್ತು. ಹುಳಹುಪ್ಪಟೆ ತಾವಾಗಿ ಬರುವುದಿಲ್ಲ, ನಾವೇ ಕರೆಯುತ್ತೇವೆ ಎನ್ನುವುದು ಅವಳ ಸಿದ್ಧಾಂತ. ಚೆಲ್ಲಿದ ಅನ್ನ ಒಂದು ಕರೆಯೋಲೆ, ಸೋರುವ ನಲ್ಲಿ ಇನ್ನೊಂದು. ನಮ್ಮ ನಲ್ಲಿ ಸೋರತೊಡಗಿದಾಗ ರಿಪೇರಿಯವನು ಬರುವತನಕ ಅದರ ಬಾಯಿಗೊಂದು ನೂಲು ಕಟ್ಟಿ, ಹನಿಗಳು ನೂಲು ಹಿಡಿದುಕೊಂಡೇ ಬಕೆಟ್ಟಿಗೆ ಇಳಿಯುವಂತೆ ಮಾಡಿದ್ದಳು. ನೆಲಕ್ಕೆ ಒಂದು ಹನಿ ಬೀಳುವಂತಿಲ್ಲ! ಜಿರಲೆ ನೀರಿಲ್ಲದೆ ಸಾಯಲಿ, ಮನೆಯವರು ನೂಲು ನೋಡಿ ನಗುತ್ತಾ ಸಾಯಲಿ.

ಒಮ್ಮೆ ಆನೈಮಲೈಯಿಂದ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ರಟ್ಟಿನ ಪೆಟ್ಟಿಗೆಯಲ್ಲಿ ತೆಂಗಿನಕಾಯಿ ತಂದರು. ಪೆಟ್ಟಿಗೆಗೆ ಒಳಗೆ ಪ್ರವೇಶವಿಲ್ಲ. ಅಕ್ಕ ಅದನ್ನು ಬೀದಿಯಲ್ಲೇ ಬರಿದು ಮಾಡಿ, ಕೋಲಿನಿಂದ ಬಡಿದಳು.

"ನನ್ನನ್ನೂ ಒಂದು ಸಲ ಕೊಡವಿಬಿಡು ತಾಯಿ," ಎಂದರು ಭಾವ.

ಅಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಬೇಡ. ಆ ಬ್ಯಾಗ್ ಕೊಡಿ."

ಬ್ಯಾಗಿನಿಂದ ಒಂದು ಜಿರಲೆ ಬಿತ್ತು! ಅಂದಿನಿಂದ ಆ ಮನುಷ್ಯ ಬೀದಿಯ ತಿರುವಿನಲ್ಲೇ ನಿಂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತಮ್ಮ ಬ್ಯಾಗನ್ನು ತಾವೇ ಕೊಡವಿಕೊಂಡು ಬರುತ್ತಾರೆ.

ಜಿರಲೆ ಔಷಧಿ ಮಾರುವವನೊಬ್ಬ ಬಂದಿದ್ದ. ಅಕ್ಕ ಅವನಿಗೆ ಕಾಫಿ ಕೊಟ್ಟು, ನೆಲದ ಮೇಲೆ ಮಲಗಿ ಬಾಗಿಲ ಕೆಳಗೆ ನೋಡಲು ಹೇಳಿದಳು. ಅವನು ಮಲಗಿದ! ಬೆಳಕು ಕಾಣುತ್ತಿದೆ ಎಂದ. ಬೆಳಕು ಬರುವ ಸಂದಿಯಲ್ಲಿ ಹುಳ ಪೂಚಿ ಬರುವುದಿಲ್ಲವೇ, ಸಂದಿ ಮುಚ್ಚದೆ ಔಷಧಿ ಹಾಕಿದರೆ ಇವತ್ತು ಸತ್ತದ್ದರ ನೆಂಟರು ನಾಳೆ ಬರುವುದಿಲ್ಲವೇ ಎಂದು ಕೇಳಿದಳು. ಅವನು ಅಂಗಿಯ ಧೂಳು ಕೊಡವಿಕೊಂಡು, ಏನೂ ಮಾರದೆ ಹೋದ. ಮರುದಿನ ಅಕ್ಕ ಬಾಗಿಲಿಗೆ ರಬ್ಬರ್ ಪಟ್ಟಿ ಹೊಡೆಸಿದಳು.

ಇಂಥವಳಿಗೆ ನಾನು ತಮ್ಮ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಕೆಲಸ, ಭಾನುವಾರ ಮಾತ್ರ ಮನೆ. ಓದು ಏಳನೆಯ ತರಗತಿಗೆ ನಿಂತಿತು. ಸೋಮಾರಿತನ ಎಲ್ಲಿಯೂ ನಿಲ್ಲಲಿಲ್ಲ.

ನನ್ನ ಮಗಳ ಮದುವೆ ಗೊತ್ತಾಯಿತು. ನಮ್ಮ ಮನೆತನದಲ್ಲಿ ಹುಡುಗಿಯ ಮುಹೂರ್ತದ ಸೀರೆಯನ್ನು ಸೋದರತ್ತೆಯೇ ನೇಯಬೇಕು. ಅಕ್ಕ ಅರಗಿಣಿ ಹಸಿರಿನ ರೇಷ್ಮೆ ಎಳೆಗಳ ಹಾಸನ್ನು ಮಗ್ಗಕ್ಕೆ ಏರಿಸಿದಳು. ಮಗ್ಗದ ಕೋಣೆಯಲ್ಲಿ ಯಾರೂ ಏನೂ ತಿನ್ನಬಾರದೆಂದು ಕಟ್ಟಪ್ಪಣೆಯಾಯಿತು. ಗುಂಡಿಯ ಮೂಲೆಯಲ್ಲಿ ಮಣ್ಣು ಕುಸಿದು ಒಂದು ಬಿಲ ಬಾಯಿ ಬಿಟ್ಟಿತ್ತು. ಗಾಜಿನ ಚೂರು ತುಂಬಿ ಸಿಮೆಂಟ್ ಹಾಕು ಎಂದು ನನಗೆ ಹೇಳಿದಳು. ಇತ್ತ ಮದುಕ್ಕರೈಯ ಕಾರ್ಖಾನೆಯಲ್ಲಿ ಸಿಮೆಂಟ್ ಬೆಟ್ಟದಂತೆ ಬಿದ್ದಿರುತ್ತದೆ, ನನಗೆ ಒಂದು ಬೊಗಸೆ ಸಿಗಲಿಲ್ಲ! ಬೈಕ್ ಒರೆಸಲು ಕಂಪನಿಯಿಂದ ತಂದಿದ್ದ ಚೂರು ಬಟ್ಟೆ, ಬನಿಯನ್ ವೇಸ್ಟ್, ಚೀಲದಲ್ಲಿತ್ತು. ಅದನ್ನೇ ಬಿಲಕ್ಕೆ ತುರುಕಿ, ಮೇಲೆ ಒಂದಿಷ್ಟು ಕೆಸರು ಮೆತ್ತಿ, ಗಟ್ಟಿಯಾಗಿದೆ ಎಂದುಬಿಟ್ಟೆ. ಅಕ್ಕ ನಂಬಿದಳು. ಜಿರಲೆಯನ್ನು ನಂಬದವಳು ನನ್ನನ್ನು ನಂಬಿದಳು.

ಮುಂದಿನ ಭಾನುವಾರ ಬಂದಾಗ ಹಾಸಿನ ಒಂದು ಬದಿ ಗಾಳಿಗೆ ತೂಗಾಡುತ್ತಿತ್ತು. ಇಲಿ ಎಳೆಗಳನ್ನು ಕಡಿದಿತ್ತು. ನಾನು ಗುಂಡಿಗೆ ಇಳಿದು ನೋಡಿದೆ. ಕೆಂಪು, ಹಳದಿ, ನೀಲಿ ಬನಿಯನ್ ಚೂರುಗಳ ಮೆತ್ತನೆಯ ಹಾಸಿಗೆ. ಅದರ ಮೇಲೆ ಹಸಿರು ರೇಷ್ಮೆಯ ಹೊದಿಕೆ. ತಾಯಿ ಓಡಿಹೋಗಿತ್ತು, ಮರಿಗಳು ಕಣ್ಣು ಬಿಟ್ಟಿರಲಿಲ್ಲ. ಎಲ್ಲವನ್ನೂ ಬಾಚಿ ಚೀಲಕ್ಕೆ ತುಂಬಿಕೊಂಡೆ. ಅಕ್ಕ ಬಾಗಿಲಿಗೆ ಬಂದಳು.

"ನಾನೇ ಕರೆದೆ ತಮ್ಮಾ," ಎಂದಳು. "ಮೊನ್ನೆ ಹಸಿವು ತಾಳದೆ ಮಗ್ಗದಲ್ಲೇ ಕೂತು ಮುರುಕು ತಿಂದೆ."

ಆಗಲೇ ಹೇಳಬೇಕಿತ್ತಲ್ಲವೇ? ನಾನು ಏನು ಹೇಳಿದೆ ಗೊತ್ತೇ? "ಹೋಗ್ಲಿ ಬಿಡಕ್ಕಾ." ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡು, ನಾನು ಅವಳನ್ನು ಕ್ಷಮಿಸಿಬಿಟ್ಟೆ!

ಕಡಿದ ಎಳೆ ಕಟ್ಟುವುದು ಅವಳಿಗೆ ಕಣ್ಣು ಮುಚ್ಚಿ ಮಾಡುವ ಕೆಲಸ. ಆದರೆ ಅವಳು ಮಗ್ಗಕ್ಕೆ ಇಳಿಯಲೇ ಇಲ್ಲ. ಇಲಿ ಕರೆದ ಕೈ ಮದುವಣಗಿತ್ತಿಯ ಸೀರೆ ಮುಟ್ಟಬಾರದು, ಅಂಗಡಿಯಲ್ಲಿ ಕೊಂಡುಬಿಡಿ ಎಂದಳು. ಸಕ್ಕರೆ ಡಬ್ಬಿಯ ಮುಚ್ಚಳ ತೆರೆದೇ ಇರತೊಡಗಿತು. ಇರುವೆಗಳು ಸಾಲುಗಟ್ಟಿ ಬಂದವು, ಮೊದಲು ಹೆದರುತ್ತಾ, ಆಮೇಲೆ ಧಾರಾಳವಾಗಿ. ಒಂದು ದಿನ ಜಿರಲೆಯೊಂದು ನಡುಮನೆಯಲ್ಲಿ ಹಾದುಹೋಯಿತು. ಅಕ್ಕ ಕಾಲು ಸರಿಸಿ ಅದಕ್ಕೆ ದಾರಿ ಬಿಟ್ಟಳು. ಅವಳ ಯುದ್ಧವನ್ನು ಜೀವಮಾನವೆಲ್ಲ ಆಡಿಕೊಂಡು ನಕ್ಕವನು ನಾನು. ಆ ಕಾಲು ಸರಿದದ್ದು ನೋಡಿ ಊಟ ಸೇರಲಿಲ್ಲ.

"ಅತ್ತೆಗೆ ಈ ಕಲ್ಯಾಣ ಇಷ್ಟ ಇಲ್ವಾಪ್ಪಾ?" ಎಂದು ಮಗಳು ಕೇಳಿದಳು.

ಹೋದ ಭಾನುವಾರ ಸಿಮೆಂಟೂ ಗಾಜಿನ ಚೂರೂ ತಂದೆ. ಗುಂಡಿಯಲ್ಲಿ ಮಂಡಿಯೂರಿ ಬಿಲ ಮುಚ್ಚತೊಡಗಿದೆ. ಅಕ್ಕ ಬಂದು ಗುಂಡಿಯ ಅಂಚಿನಲ್ಲಿ ನಿಂತಳು. ನನ್ನ ಕಣ್ಣಿನ ಮಟ್ಟಕ್ಕೆ ಅವಳ ಪಾದಗಳಿದ್ದವು. ಮಗ್ಗ ತುಳಿದು ತುಳಿದು ಬೆರಳು ಅಗಲವಾದ ಪಾದಗಳು.

"ಹೋದ್ ಸಾರಿನೇ ಬಿಲ ಅಡಚ್ದೆಯಲ್ಲಾ ತಮ್ಮಾ, ಮತ್ತ್ಯಾಕೆ?"

ಕೈತುಂಬ ಸಿಮೆಂಟ್. ಮುಖ ಮುಚ್ಚಿಕೊಳ್ಳಲೂ ಆಗಲಿಲ್ಲ.

"ಅಡಚ್ಲಿಲ್ಲ ಅಕ್ಕಾ. ಬನಿಯನ್ ವೇಸ್ಟ್ ತುರುಕಿ ಸುಳ್ಳು ಹೇಳ್ದೆ. ಇಲಿಗೆ ಮೆತ್ತೆ ಹಾಕ್ಕೊಟ್ಟೋನು ನಾನು. ನಿನ್ನ ಮುರುಕು ಅಲ್ಲ. ತಪ್ಪಾಯ್ತು ಅಕ್ಕಾ, ಮಗ್ಗಕ್ಕೆ ಇಳಿ."